ಹನ್ನೆರಡು ಹೆಂಗಸರು, ಹದಿಮೂರು ಕೈ

ಅಕ್ಕಾ, ಉಸಿರು ಬಿಗಿಹಿಡಿದು ಓದು!

ಹೊಲಿಗೆ ಕಾರ್ಖಾನೆಯ ಹನ್ನೆರಡು ಮಂದಿ ಹೆಂಗಸರು ಇವತ್ತು ಆಸ್ಪತ್ರೆಯ ಮಹಡಿಯಲ್ಲಿ ಸೇರಿದ್ದರು. ಗರ್ಭವನ್ನೂ ಎಚ್‌ಐವಿಯನ್ನೂ ಒಟ್ಟಿಗೆ ತಡೆಯುವ ಮಾತ್ರೆ ತಯಾರಾಗುತ್ತಿದೆಯಂತೆ, ನಿಮಗೆ ಬೇಕೇ ಎಂದು ಕೇಳುವುದು ನನ್ನ ಕೆಲಸ. ನಾನು ಕೇಳಿದ ರಭಸಕ್ಕೆ ಕೆಳಗೆ ಬಸ್ಸಿಗೆ ಕಾದವರೆಲ್ಲ ತಲೆಯೆತ್ತಿದರು! ನರ್ಸಮ್ಮ ಓಡಿಬಂದು ಕಿಟಕಿ ಮುಚ್ಚಿದಳು.

ಕೊನೆಗೆ ಗುಂಡಿ ಹಚ್ಚುವವಳು ಬಾಯಿಬಿಟ್ಟಳು: "ನಮ್ಮೆಜಮಾನ್ರು ವರ್ಷದಲ್ಲಿ ಎಂಟು ತಿಂಗಳು ಊರೂರು ಸುತ್ತೋರು. ಎಚ್‌ಐವಿಗೆ ಅಂತ ಮಾತ್ರೆ ತಗೊಂಡ್ರೆ 'ನನ್ ಮೇಲೇ ಅನುಮಾನನಾ?' ಅಂತ ಆಚೆ ಹಾಕ್ತಾರೆ. ಮಕ್ಕಳು ಮೂರು ಸಾಕು ಅಂದ್ರೆ ನಮ್ಮತ್ತೆನೇ ಮಾತ್ರೆ ಜೊತೆ ನೀರು ತಂದ್ಕೊಡ್ತಾರೆ ಕಣ್ರೀ! ಎರಡೂ ಒಂದ್ರಲ್ಲೇ ಕೊಡಿ. ನಾನೂ ಉಳೀತೀನಿ, ಸಂಸಾರಾನೂ ಉಳಿಯುತ್ತೆ."

ಆಹಾ, ಎಂಥಾ ಮಾತು! "ಬೇಕಾದವರು ಕೈಯೆತ್ತಿ!" ಎಂದು ಗುಡುಗಿದೆ. ಎಣಿಸಿದರೆ ಹದಿಮೂರು! ತಿರುಗಿ ನೋಡುತ್ತೇನೆ, ಕಿಟಕಿಯ ಪಕ್ಕ ನರ್ಸಮ್ಮನ ಕೈ!

ಕೂಗಿ ಕೂಗಿ ಗಂಟಲು ಕಟ್ಟಿದೆ, ಬಿಸಿನೀರು ಕುಡಿದೇ ಬದುಕಿದ್ದೇನೆ. ಅಂಚೆಯಣ್ಣ ಈ ಕಾರ್ಡನ್ನು ಓದಿದರೆ ಓದಲಿ, ಮನೆಗೆ ಹೋಗಿ ಹೆಂಡತಿಗೂ ಓದಿ ಹೇಳಲಿ! ಜಾಗ ಮುಗಿಯಿತು.

ನಿನ್ನ ಗುಡುಗು ತಂಗಿ