ಅಮ್ಮ ಕರೆದಾಗ ಓಗೊಟ್ಟವನು

ನನ್ನ ಬೆನ್ನ ಹಿಂದೆಯೇ ಈ ಲೋಕಕ್ಕೆ ಬಂದ ಚಿಕ್ಕೂ,

ಹುಟ್ಟುವಾಗ ನನ್ನನ್ನು ಮುಂದೆ ಬಿಟ್ಟೆ, ಹೋಗುವಾಗ ನೀನೇ ಮುಂದಾದೆ. ಹೀಗೆ ಸರದಿ ತಪ್ಪಿಸುವ ಗಿರಾಕಿಯನ್ನು ನಾನಾದರೆ ಅಂಗಡಿಯ ಹೊರಗೇ ನಿಲ್ಲಿಸುತ್ತಿದ್ದೆ.

ನಮ್ಮ ಟೇಲರಿಂಗ್ ಅಂಗಡಿಯ ಪದ್ಧತಿ ನೆನಪಿದೆಯಲ್ಲ? ಅವಳಿಗಳಾದ ನಮ್ಮ ಮುಖವೂ ಒಂದೇ, ದನಿಯೂ ಒಂದೇ. ಜನ ದೊಡ್ಡು ಎನ್ನಲಿ, ಚಿಕ್ಕು ಎನ್ನಲಿ, ಬಾಗಿಲ ಹತ್ತಿರ ಇದ್ದವನು "ಹೂಂ" ಅನ್ನುವುದು. ಮಾತು ನನ್ನದು, ಕತ್ತರಿ ನಿನ್ನದು, ಹೆಸರು ಮಾತ್ರ ಇಬ್ಬರದೂ. ಆ ಚಾಳಿಯೇ ಮುಳುವಾಯಿತು.

ಬೆಳಿಗ್ಗೆ ಅಂಗಡಿಯಲ್ಲಿ ಕುಸಿದ ನೀನು ಮಧ್ಯಾಹ್ನಕ್ಕೆ ಆಸ್ಪತ್ರೆಯಲ್ಲಿ ಇಲ್ಲವಾದೆ. ನಾನೊಬ್ಬನೇ ಮನೆಗೆ ಬಂದೆ. ಅಮ್ಮನ ಕಣ್ಣು ಮಂಜಾಗಿ ವರ್ಷಗಳಾದವಲ್ಲ, ಹೆಜ್ಜೆ ಸದ್ದಿಗೆ ಮಂಚದಿಂದಲೇ ಕೂಗಿದಳು: "ಚಿಕ್ಕೂ, ಬಂದ್ಯೇನೋ?" ಬಾಗಿಲ ಹತ್ತಿರ ಇದ್ದವನು ನಾನು. "ಹೂಂ" ಅಂದುಬಿಟ್ಟೆ. ಆಮೇಲೆ, "ಅಮ್ಮಾ, ಅವನು ಹೋಗ್ಬಿಟ್ಟ" ಅಂದೆ. "ಅಯ್ಯೋ ದೊಡ್ಡೂ" ಎಂದು ಅಮ್ಮ ಎದೆ ಬಡಿದುಕೊಂಡಳು. ನನ್ನ ಸಾವಿಗೆ ಅತ್ತವಳನ್ನು ನಾನೇ ತಬ್ಬಿ ಸಮಾಧಾನ ಮಾಡಿದೆ. ನಿಜ ಹೇಳಬಹುದಿತ್ತು. ಆದರೆ ಒಂದೇ ದಿನದಲ್ಲಿ ಇನ್ನೊಬ್ಬ ಮಗನನ್ನೂ ಅವಳಿಂದ ಕಿತ್ತುಕೊಳ್ಳುವುದು ಹೇಗೆ?

ಅಂದಿನಿಂದ ಮನೆಯಲ್ಲಿ ನಾನು ನೀನು. ನಮ್ಮಿಬ್ಬರ ಗುರುತು ಹಿಡಿಯಲಾಗದ ಊರೂ ಅದನ್ನೇ ನಂಬಿತು. ನಿನ್ನ ಹಾಗೇ ಕಮ್ಮಿ ಮಾತು. ನನ್ನಂಥ ಬಾಯಿಗೆ ಇದೆಂಥ ಜೈಲು, ನೀನೇ ಲೆಕ್ಕ ಹಾಕು. "ಬಾಯಿಬಡುಕ ಮುಂಡೇದು, ಆದ್ರೆ ಈ ಮನೆ ನಿಂತಿದ್ದು ಅವನ ಬಾಯಿಂದ್ಲೇ" ಅನ್ನುತ್ತಾಳೆ ಅಮ್ಮ. ಬದುಕಿದ್ದಾಗ ಇಷ್ಟು ಒಳ್ಳೆ ಮಾತು ಕಿವಿಗೆ ಬಿದ್ದಿರಲಿಲ್ಲ. ಸತ್ತರೆ ಲಾಭವಿದೆ ಕಣೋ. ಈಚೆಗೆ ಅಂಗಡಿಯಲ್ಲೂ ಸುಮ್ಮನಿರುತ್ತೇನೆ. ಮುಖ ನಿನ್ನದು, ಮೌನ ನಿನ್ನದು, ಕರೆಯುವ ಹೆಸರೂ ನಿನ್ನದು. ಇದರೊಳಗೆ ನಾನು ಎಂಬುವನು ಎಲ್ಲಿದ್ದಾನೆ ಎಂದು ಹುಡುಕಿದರೆ, ನಿನ್ನ ನೆನಪಿಗೆ ಅಳು ಬರುವ ಜಾಗವೊಂದೇ ಸಿಗುತ್ತದೆ. ಆ ಅಳುವನ್ನೂ ಅಮ್ಮನ ಮುಂದೆ ನುಂಗಬೇಕು. ಈ ಮನೆಯಲ್ಲಿ ನಿನಗಾಗಿ ಇನ್ನೂ ಯಾರೂ ಅತ್ತಿಲ್ಲ.

ನಿನ್ನೆ ಅಮ್ಮ ನನ್ನ ಕೆನ್ನೆ ತಡವಿ ಕೇಳಿದಳು: "ನಿನ್ನನ್ನೇ ಜಾಸ್ತಿ ಮುದ್ದು ಮಾಡ್ದೆ ಕಣೋ. ನಿಮ್ಮಣ್ಣನ ಮನಸ್ಸಿಗೆ ನೋವಾಗಿತ್ತೇನೋ?" ಬುದ್ಧಿ ಬಂದಾಗಿನಿಂದ ನಾನು ಕಾದಿದ್ದ ಪ್ರಶ್ನೆ. ಕೇಳಿದ್ದು ನಿನ್ನನ್ನು. ನೀನಾದರೆ ಏನೆನ್ನುತ್ತಿದ್ದೆಯೋ ಅದನ್ನೇ ಹೇಳಿದೆ: "ಇಲ್ಲಮ್ಮ. ಅವನಿಗೆ ಹಾಗೇನೂ ಅನ್ನಿಸ್ಲಿಲ್ಲ." ಅಮ್ಮ ನಿರಾಳವಾಗಿ ಮಗ್ಗುಲಿಗೆ ಹೊರಳಿದಳು.

ಅನ್ನಿಸಿತ್ತು ಕಣೋ. ನಿನಗೊಬ್ಬನಿಗೆ ಹೇಳುತ್ತಿದ್ದೇನೆ.

ಎಲ್ಲಿದ್ದರೂ ತಣ್ಣಗಿರು, ತಮ್ಮಾ. ಅಮ್ಮನನ್ನು ನೀನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೀಯ, ಚಿಂತೆ ಬೇಡ.

ಇಂತಿ, ನೀನು ಮಾತ್ರ ಬಲ್ಲ
ನಿನ್ನ ಅಣ್ಣ