ರಕ್ತದ ಮೇಲಿನ ಕುಂಕುಮ

ಫಾದರ್ ಅವರಿಗೆ ಜೋಗುಪಾಳ್ಯದ ಬೈರಮ್ಮನ ನಮಸ್ಕಾರ.

ಚರ್ಚಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ಸಂತರ ಬಟ್ಟೆಯ ಮೇಲಿನ ಕಲೆ ನಿಜವಾದ ರಕ್ತವೋ ಎಂದು ತಿಳಿಯಲು ಅದನ್ನು ಲ್ಯಾಬಿಗೆ ಕಳಿಸಿದಿರಿ. ಹಳೆಯ ರಕ್ತದ ಜೊತೆ ಕುಂಕುಮವೂ ಸಿಕ್ಕಿತಂತೆ. ಸಿಗದೆ ಇನ್ನೇನು? ನಮ್ಮತ್ತೆಯ ಕಾಲದಿಂದ ನಾವು ಅದಕ್ಕೆ ಕುಂಕುಮದ ಹಣೆ ಒತ್ತಿಯೇ ಹರಕೆ ಹೊತ್ತವರು. ಹಿಂದಿನ ಫಾದರ್, "ಒತ್ಕೊಳ್ಳಮ್ಮ, ನೋವು ಅಂದ್ರೇನು ಅಂತ ಸಂತರಿಗೂ ಗೊತ್ತು" ಅಂತ ಬಟ್ಟೆಯನ್ನು ತಾವೇ ಹಿಡಿದುಕೊಡುತ್ತಿದ್ದರು. ನೀವು ಭಾನುವಾರ ಮೈಕಿನಲ್ಲಿ, "ಕುಂಕುಮದೋರು ಕೆಡಿಸ್ಬಿಟ್ರು, ಇನ್ಮೇಲೆ ಹಣೆ ಒರೆಸ್ಕೊಂಡೇ ಬರ್ಬೇಕು" ಅಂದಿರಿ. ನಮ್ಮ ಮೇಣದಬತ್ತಿ ಆಗುತ್ತದೆ, ಹಣೆ ಆಗುವುದಿಲ್ಲವೋ?

ಗುರುವಾರ ನನ್ನ ಮಗಳು ಸುಕನ್ಯಳಿಗೆ ಹೃದಯದ ಆಪರೇಷನ್. ಬುಧವಾರ ಸಂಜೆ ಕರೆತರುತ್ತೇನೆ. ಗಾಜಿನ ಪೆಟ್ಟಿಗೆಯ ಬೀಗ ತೆಗೆಸಿಡಿ. ಗಂಡ ಬದುಕಿರುವ ಮಗಳ ಹಣೆ ಒರೆಸಲು ನನಗೆ ಕೈ ಬರುವುದಿಲ್ಲ. ಒರೆಸಲೇಬೇಕೆಂದರೆ ಸಂತರ ಎದುರಿಗೆ ನಿಮ್ಮ ಕೈಯಿಂದಲೇ ಒರೆಸಿ.

ಇಂತಿ,
ಬೈರಮ್ಮ