ಫಿಯೆಟ್ಟಿನ ಎಡಗಣ್ಣು

ಹಿಂದವಾಡಿ, ಬೆಳಗಾವಿ

ಗುರುಶಾಂತಣ್ಣಗ ಓಂಕಾರನ ನಮಸ್ಕಾರ.

ಆತ್ಮಸಾಕ್ಷಿಯ ಕಟಕಟೆಯಲ್ಲಿ ನಿಂತು ಒಪ್ಪಿಕೊಳ್ಳುತ್ತೇನೆ: ಚನ್ನಬಸಯ್ಯನ ಫಿಯೆಟ್ಟಿನ ಎಡಗಣ್ಣು ಒಡೆದವನು ನಾನೇ. ಖಾನಾಪುರ ರಸ್ತೆಯಲ್ಲಿ ಟೀವಿಯವರು ನಮ್ಮ ಹಳೇ ಕಾರ್ ಕ್ಲಬ್ಬಿನ ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ನನ್ನ ಮಾರಿಸ್ ಕಾರು ಕ್ಯಾಮೆರಾ ಮುಂದೆ ನಿಂತಿತ್ತು. ಚನ್ನಬಸಯ್ಯನೂ ಕ್ಲಬ್ಬಿನವನೇ; ತನ್ನ ಫಿಯೆಟ್ ಅಡ್ಡ ತಂದು, "ಓಂಕಾರಾ, ನಿನ್ನ ಹೆಣದ ಗಾಡಿ ಹಿಂದ ತಗೋ" ಅಂದ. ಗಾಡಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಎತ್ತಿ ಅವನ ಎಡ ಹೆಡ್‌ಲೈಟಿಗೆ ಬಾರಿಸಿದೆ. ಅವನು ಕೊರಳಪಟ್ಟಿ ಹಿಡಿದ, ನಾನು ಮೂಗಿಗೆ ಗುದ್ದಿದೆ. ಬಿಳಿ ಬಾನೆಟ್ ಕೆಂಪಾಯಿತು. ಗಾಡಿ ಪುರಾತನ, ರಕ್ತ ಮಾತ್ರ ತಾಜಾ.

ದವಾಖಾನೆಯಲ್ಲಿ ನನ್ನ ಮುರಿದ ದವಡೆ ನೋಡಿ, "ಇದು ಅವಂದ ಕೆಲಸೇನು?" ಎಂದು ನೀನು ಕೇಳಿದಿ. ನಾನು ಹೌದೆಂದು ತಲೆಯಾಡಿಸಿದೆ. ನಾಲ್ವರ ಜೊತೆ ಒಬ್ಬನೇ ಬಡಿದಾಡಿದೆ ಎಂದು ನಾಲ್ಕು ಬೆರಳೆತ್ತಿಯೂ ತೋರಿಸಿದೆ. ಈಗ ನೀನು ನಂದಗಡದಿಂದ ಬಡಿಗೆಯವರನ್ನು ಜೀಪಿನಲ್ಲಿ ತುಂಬಿಕೊಂಡು ಅವನ ಕಾಲು ಮುರಿಯಲು ಹೊರಟಿದ್ದಿ ಎಂದು ನಿನ್ನ ಮನೆಯವರು, ಕಾಂತಾ ವೈನಿ, ತಿಳಿಸಿದರು. ಅಣ್ಣಾ, ಅವರನ್ನು ಕೆಳಗಿಳಿಸು. ದವಡೆಗೆ ತಂತಿ ಬಿಗಿದಾರ, ಫೋನಿನಲ್ಲಿ ಬೇಡಿಕೊಳ್ಳಲೂ ಬರುವುದಿಲ್ಲ.

ಖರೇ ಅಂದ್ರ, ಜಗಳ ಬಿಡಿಸಿದ ಮೇಲೆ ಸಿಟ್ಟಿನಲ್ಲಿ ಮಾರಿಸ್‌ಗೆ ಹ್ಯಾಂಡಲ್ ಹಾಕಿ ತಿರುವಿದೆ. ಎಂಜಿನ್ ಹಿಂದಕ್ಕೆ ಒದೆಯಿತು, ಹ್ಯಾಂಡಲ್ ಗಿರ್ರನೆ ವಾಪಸು ಬಂದು ದವಡೆಗೆ ಬಡಿಯಿತು. ಮೂಗಿನಿಂದ ರಕ್ತ ಸೋರುತ್ತಿದ್ದರೂ ನನ್ನನ್ನು ಎತ್ತಿ, ಒಕ್ಕಣ್ಣಿನ ಫಿಯೆಟ್ಟಿನಲ್ಲಿ ಬೆಳಗಾವಿಗೆ ತಂದವನು ಚನ್ನಬಸಯ್ಯ. ದಾರಿಯುದ್ದಕ್ಕೂ ನಾನು ಅವನ ಅಂಗಿ ಹಿಡಿದು "ಅವ್ವಾ, ಅವ್ವಾ" ಎಂದು ಅತ್ತಿದ್ದನ್ನು ಹಿಂದಿನ ಸೀಟಿನಿಂದ ಟೀವಿಯವರು ಪೂರಾ ತೆಗೆದಿದ್ದಾರೆ.

ನಿನ್ನ ತಮ್ಮ,
ಓಂಕಾರ